ಮೂರು ಡಿಗ್ರಿಯ ಬೆಣೆ

ಊರಲ್ಲಿ ಅವನಿಗೆ ಇದ್ದದ್ದು ಒಂದೇ ಹೆಸರು: ಅಳಿಯ. ಬಿಡಿಭಾಗದ ಅಂಗಡಿಯವನಿಗೂ ಅಳಿಯ, ಪಂಕ್ಚರ್ ಹಾಕುವವನಿಗೂ ಅಳಿಯ. ಕೊರಿಯರ್ ತರುವವನು ಕೂಡ "ಅಳಿಯಾ, ಇಲ್ಲೊಂದು ಸೈನ್ ಹಾಕಪ್ಪಾ" ಎನ್ನುತ್ತಿದ್ದ. ಯಾರ ಅಳಿಯ ಎಂದು ಕೇಳುವ ಪ್ರಶ್ನೆಯೇ ಇಲ್ಲ. ಜೀಪ್ ಮೇಸ್ತ್ರಿಗೆ ಒಬ್ಬಳೇ ಮಗಳು, ಆ ಮಗಳಿಗೆ ಒಬ್ಬನೇ ಗಂಡ, ಆ ಗಂಡ ಆರು ವರ್ಷದಿಂದ ಮಾವನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮನೆಯಳಿಯ.

ಆ ಕೋಣೆಯಿಂದ ಹೊರಬೀಳಲು ಇದ್ದದ್ದು ಒಂದೇ ಮೆಟ್ಟಿಲು. ಅದೋ, ಪಾನಾಗಳನ್ನು ತೂಗುಹಾಕಿದ ಗೋಡೆಗೂ ಗ್ರೀಸ್ ಡಬ್ಬಗಳಿಗೂ ನಡುವೆ ಸೀದಾ ಗ್ಯಾರೇಜಿನೊಳಕ್ಕೇ ಇಳಿಯುತ್ತಿತ್ತು. ಕಿಟಕಿ ತೆರೆದರೆ ಕಾಣುವುದು ಬೀದಿಯಲ್ಲ, ಕೆಳಗೆ ಬಾನೆಟ್ ಎತ್ತಿಕೊಂಡು ಬಾಯ್ಬಿಟ್ಟು ನಿಂತ ಜೀಪುಗಳು. ಒಂದು ಬೆಂಕಿಪೊಟ್ಟಣ ತರಬೇಕೆಂದರೂ ಮಾವನ ಸ್ಟೂಲಿನ ಮುಂದೆ ಹಾದು ಶಟರ್ ದಾಟಬೇಕು. ಹಾದಾಗಲೆಲ್ಲ ಮಾವ ಅರ್ಧ ಎದ್ದು ನಿಂತು, "ಅಳಿಯಂದ್ರು ಹೊರಟ್ರಾ? ಹೋಗ್ಬನ್ನಿ, ಹೋಗ್ಬನ್ನಿ. ನೀವು ಬರೋವರೆಗೂ ಈ ನಟ್ಟು ಮುಟ್ಟಲ್ಲ ನಾನು" ಎನ್ನುತ್ತಿದ್ದರು.

ಮಾವ ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದಿದ್ದರೆ ಜಗಳ ಆಡಬಹುದಿತ್ತು, ಜಗಳ ಆಡಿದ್ದರೆ ಗಂಟುಮೂಟೆ ಕಟ್ಟಬಹುದಿತ್ತು. ಆರು ವರ್ಷದಲ್ಲಿ ಒಂದು ದಿನ ಏಕವಚನವಿಲ್ಲ. ಊಟದ ಮೊದಲ ತಟ್ಟೆ ಅಳಿಯನಿಗೆ, ಫ್ಯಾನಿನ ಕೆಳಗಿನ ಜಾಗ ಅಳಿಯನಿಗೆ, ಹೊಸ ಜ್ಯಾಕ್ ಬಂದರೆ ಮೊದಲು ಎತ್ತುವ ಮರ್ಯಾದೆ ಅಳಿಯನಿಗೆ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗೆ. ನುಂಗಲೂ ಆಗದು, ಉಗುಳಲೂ ಆಗದು. ಮಾವನ ಪ್ರೀತಿಗೆ ಹಿಡಿ ಇರಲಿಲ್ಲ, ಹಿಡಿದು ದೂಡೋಣವೆಂದರೆ.

ಇಂಥ ಮಾವನಿಗೆ ಒಂದೇ ಒಂದು ಹೆಮ್ಮೆ ಇತ್ತು. ಊರ ಸುತ್ತ ಕಲ್ಲು, ಹಳ್ಳ, ಕೊರಕಲು. ಜೀಪುಗಳ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಮೇಸ್ತ್ರಿ ಒಂದು ಉಪಾಯ ಮಾಡಿದರು. ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳ ಒಂದು ತುದಿ ಚಾಸಿಸ್ಸಿಗೆ ನೇತುಬೀಳುವುದು ಬೆರಳುದ್ದದ ಎರಡು ಕಬ್ಬಿಣದ ಬಿಲ್ಲೆಗಳಿಂದ, ಶ್ಯಾಕಲ್ ಅನ್ನುತ್ತಾರೆ. ಆ ಶ್ಯಾಕಲ್‌ಗಳನ್ನೇ ಉದ್ದ ಮಾಡಿ ಕೂರಿಸಿ ಗಾಡಿಯನ್ನು ಎರಡಿಂಚು ಮೇಲಕ್ಕೆತ್ತಿಬಿಟ್ಟರು. ಊರು ಅದಕ್ಕೆ 'ಮೇಸ್ತ್ರಿ ಎತ್ತರ' ಎಂದು ಹೆಸರಿಟ್ಟಿತು. ಎತ್ತರಿಸಿದ ಪ್ರತಿ ಗಾಡಿಯ ಶ್ಯಾಕಲ್ ಮೇಲೆ ಅವರು ಪಂಚ್ ಹೊಡೆದು ನಂಬರ್ ಹಾಕುತ್ತಿದ್ದರು. ಇಲ್ಲಿಯವರೆಗೆ ಮೂವತ್ತೊಂದು.

ಆ ಮೂವತ್ತೊಂದೂ ರಸ್ತೆಯಲ್ಲಿ ಸ್ವಲ್ಪ ಓಲಾಡುತ್ತಿದ್ದವು ಎನ್ನುವುದನ್ನು ಯಾರೂ ವಿಶೇಷವಾಗಿ ಗಮನಿಸಿರಲಿಲ್ಲ. ಸೀದಾ ರಸ್ತೆಯಲ್ಲೂ ಸ್ಟೀರಿಂಗನ್ನು ಗರಗಸದಂತೆ ಆಚೀಚೆ ಎಳೆಯುವುದೇ ಜೀಪು ಓಡಿಸುವ ಕಲೆ ಎಂದು ಊರು ನಂಬಿತ್ತು. ಯಾರಾದರೂ ದೂರು ತಂದರೆ ಮೇಸ್ತ್ರಿ ಸ್ಟೀರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ, "ಕುಣಿಯೋಕೆ ಬರದವನು ನೆಲ ಡೊಂಕು ಅಂದನಂತೆ" ಎಂದು ನಕ್ಕು ಕಳಿಸುತ್ತಿದ್ದರು.

ಆದರೆ ಸರ್ವೆ ಮೇಡಂ ನಗಲಿಲ್ಲ. ಅವರು ಹೊರಗಿನವರು, ಬೆಟ್ಟ ಅಳೆಯಲು ಬಂದವರು. ಊರಲ್ಲೇ ಹಳೆಯ ಫೋರ್ ವೀಲ್ ಜೀಪೊಂದನ್ನು ಕೊಂಡಿದ್ದರು. ಶ್ಯಾಕಲ್ ನಂಬರ್ ಹತ್ತೊಂಬತ್ತು. ಬುಧವಾರ ಬೆಳಿಗ್ಗೆ ಬಂದು ಬೀಗದ ಕೈಯನ್ನು ಮೇಸ್ತ್ರಿಯ ಮೇಜಿನ ಮೇಲೆ ಕುಟ್ಟಿದರು.

"ಮೇಸ್ತ್ರಿಗಳೇ, ಇದು ಮೂರನೇ ಸಲ. ರಸ್ತೆ ನೆಟ್ಟಗಿದೆ, ನನ್ನ ಗಾಡಿ ಮಾತ್ರ ಕುಡಿದವನ ಥರ ಹೋಗುತ್ತೆ. ಸ್ಟೀರಿಂಗ್ ಹಿಡ್ಕೊಂಡಿದ್ದೀನೋ ಹಿಟ್ಟು ಕಲಸ್ತಿದ್ದೀನೋ ಗೊತ್ತಾಗಲ್ಲ."

"ಹಳೇ ಗಾಡಿ ಅಲ್ವಾ ಮೇಡಂ? ವಯಸ್ಸಾದ್ಮೇಲೆ ಸ್ವಲ್ಪ ಓಲಾಟ ಇದ್ದೇ ಇರುತ್ತೆ. ನನ್ನನ್ನೇ ನೋಡಿ."

"ನಿಮ್ಮ ಮೇಲೆ ಕೂತು ನಾನು ಬೆಟ್ಟ ಹತ್ತಬೇಕಾಗಿಲ್ಲವಲ್ಲ!"

ಗ್ಯಾರೇಜೆಲ್ಲ ನಕ್ಕಿತು. ಮೇಸ್ತ್ರಿಯೂ ನಕ್ಕರು. ಅಳಿಯ ಗಾಡಿಯನ್ನು ಒಳಕ್ಕೆ ತೆಗೆದುಕೊಳ್ಳುವಾಗ ಮೇಡಂ ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ನೀವು ಕೆಲಸ ಮಾಡೋದನ್ನ ನೋಡಿದ್ದೀನಿ. ನಮ್ಮ ತಂಡ ಭಾನುವಾರ ಆ ಕಡೆ ಬೆಟ್ಟಗಳಿಗೆ ಹೊರಡುತ್ತೆ, ಎರಡು ವರ್ಷದ ಕೆಲಸ. ಇಂಥವೇ ಐದು ಹಳೇ ಗಾಡಿ ಇವೆ, ಒಬ್ಬ ಮೆಕ್ಯಾನಿಕ್ ಬೇಕು. ಇದರ ರೋಗ ಹಿಡಿದ್ರೆ ಕೆಲಸ ನಿಮ್ಮದು, ಕ್ವಾರ್ಟರ್ಸೂ ಇದೆ. ಶನಿವಾರ ಗಾಡಿ ತಗೊಳ್ಳೋಕೆ ಬಂದಾಗ ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ. ಉಹೂಂ ಅಂದ್ರೆ ಅವತ್ತೇ ಬೇರೆಯವರಿಗೆ ಫೋನ್ ಮಾಡ್ಬೇಕು."

ಅಳಿಯ ಮೆಟ್ಟಿಲನ್ನು ಮೂರು ಮೂರರಂತೆ ಹತ್ತಿದ. ಹೆಂಡತಿ ಕೋಣೆಯಲ್ಲಿ ಜೀಪಿನ ಸೀಟಿಗೆ ರೆಕ್ಸಿನ್ ಹೊಲಿಯುತ್ತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ಹೊಲಿಗೆ ಯಂತ್ರದ ಚಕ್ರಕ್ಕೆ ಕೈಯಡ್ಡ ಇಟ್ಟು ನಿಲ್ಲಿಸಿ ಕೇಳಿದ್ದು ಒಂದೇ ಮಾತು:

"ಆ ಕ್ವಾರ್ಟರ್ಸಿಗೆ ಬಾಗಿಲು ಯಾವ ಕಡೆಗಿದೆ?"

"ಗೊತ್ತಿಲ್ಲ ಕಣೇ. ಬೀದಿಗೇ ಇರುತ್ತೆ."

"ಹಾಗಾದ್ರೆ ಹೋಗೋಣ. ಅಪ್ಪನಿಗೆ ನೀವೇ ಹೇಳಿ. ನಾನು ಹೇಳಿದ್ರೆ ಮಗಳು ಗಂಡನನ್ನ ಕೆಡಿಸಿದಳು ಅಂತಾರೆ."

ಗುರುವಾರ ಬೆಳಿಗ್ಗೆ ಅಳಿಯ ಗಾಡಿಯ ಕೆಳಗೆ ತೂರಿದ. ಸ್ಟೀರಿಂಗ್ ನೋಡಲು ಇಬ್ಬರು ಬೇಕು: ಒಬ್ಬ ಮೇಲೆ ಕೂತು ಸ್ಟೀರಿಂಗ್ ಚಕ್ರವನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಕು, ಇನ್ನೊಬ್ಬ ಕೆಳಗೆ ಮಲಗಿ ಪ್ರತಿಯೊಂದು ಕೀಲಿನ ಮೇಲೂ ಕೈಯಿಟ್ಟು ಎಲ್ಲಿ ಆಟ ಇದೆ ಎಂದು ನೋಡಬೇಕು. ಮೇಲೆ ಕೂರಲು ಇದ್ದವನು ನಿದ್ದೆರಾಯ. ಅವನು ಹಾಲಿನ ಜೀಪಿನ ಡ್ರೈವರ್ ಆಗಿದ್ದವನು. ಮೂರು ತಿಂಗಳ ಹಿಂದೆ ದೊಡ್ಡ ತಿರುವಿನಲ್ಲಿ ಗಾಡಿ ಚರಂಡಿಗೆ ಇಳಿದು ಕಾಲು ಮುರಿದುಕೊಂಡಿದ್ದ. ಗಾಡಿ ನೋಡಿಬಂದ ಮೇಸ್ತ್ರಿ, "ಗಾಡಿ ಕಲ್ಲಿನ ಥರ ಇದೆ. ಇವನು ತೂಕಡಿಸಿದ್ದಾನೆ" ಎಂದಿದ್ದರು. ಅಂದಿನಿಂದ ಅವನು ಊರಿಗೆಲ್ಲ ನಿದ್ದೆರಾಯ. ಹಾಲಿನವರು ಬೇರೆ ಡ್ರೈವರನ್ನು ಇಟ್ಟುಕೊಂಡರು. ಇವನು ಕುಂಟುತ್ತ ಬಂದು ಗ್ಯಾರೇಜಿನ ಬೆಂಚಿನ ಮೇಲೆ ದಿನ ಕಳೆಯುತ್ತಿದ್ದ.

"ಎಡ... ಬಲ... ಎಡ..." ಎಂದು ಅಳಿಯ ಕೆಳಗಿನಿಂದ ಕೂಗಿದ.

"ಮೇಲೆ ನಿದ್ದೆ ಹೋಗ್ಬೇಡಪ್ಪಾ ಮತ್ತೆ!" ಎಂದರು ಮೇಸ್ತ್ರಿ ಸ್ಟೂಲಿನಿಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಿದ್ದೆರಾಯನೇ.

ಗಾಡಿಯ ಹೊಟ್ಟೆ ಮೂಗಿಗೆ ನಾಲ್ಕು ಬೆರಳು ಮೇಲಿತ್ತು. ಅಳಿಯ ಒಂದೊಂದಾಗಿ ಮುಟ್ಟುತ್ತ ಹೋದ. ಎರಡು ಚಕ್ರಗಳನ್ನು ಜೋಡಿಸುವ ಉದ್ದ ಸರಳಿನ ತುದಿಯ ಗುಂಡುಗಳು ಹೊಸವು, ಆಟವಿಲ್ಲ. ಬಾಕ್ಸನ್ನು ಚಾಸಿಸ್ಸಿಗೆ ಹಿಡಿದ ಬೋಲ್ಟುಗಳು ಗಟ್ಟಿ, ಸುತ್ತ ಬಿರುಕಿಲ್ಲ. ಜ್ಯಾಕ್ ಹಾಕಿ ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದ, ಬೇರಿಂಗೂ ಸರಿ. ಟೈರಿನ ಗಾಳಿಯೂ ಸರಿ. ಕೊನೆಗೆ ಬಾಕ್ಸಿನ ಸ್ಕ್ರೂ ನೋಡಿದರೆ ಹಿಂದಿನ ಎರಡು ಸಲದ ಬಿಗಿತದಲ್ಲಿ ಅದು ತಳ ಮುಟ್ಟಿ ಕೂತಿತ್ತು. ಅದನ್ನು ಸಡಿಲಿಸಿ, ಒಂದು ಬೆರಳಿನಷ್ಟು ಆಟ ಬಿಟ್ಟು, ಗಾಡಿಯನ್ನು ರಸ್ತೆಗೆ ತೆಗೆದ. ಹಗುರಾಯಿತು, ನಿಜ. ಆದರೆ ಓಲಾಟ ಹೋಗಲಿಲ್ಲ.

ತಿರುವಿನಲ್ಲಿ ಅವನಿಗೆ ಒಂದು ಸಂಗತಿ ಹೊಳೆಯಿತು. ಯಾವ ಗಾಡಿಯಾದರೂ ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ಜಾರಿ ನೆಟ್ಟಗಾಗುತ್ತದೆ. ಇದು ಆಗುತ್ತಿರಲಿಲ್ಲ. ಬಿಟ್ಟಲ್ಲೇ ನಿಂತಿತ್ತು, ಹಠ ಹಿಡಿದ ಎಮ್ಮೆಯಂತೆ.

ವಾಪಸು ಬಂದಾಗ ಶಟರಿಗೆ ಒರಗಿ ಕೊರಿಯರಿನವನ ಸೈಕಲ್ ನಿಂತಿತ್ತು. ಅಳಿಯ ಅದರ ಮುಂದಿನ ಚಕ್ರ ಹಿಡಿದ ಕವಲನ್ನೇ ದಿಟ್ಟಿಸಿದ. ಕವಲು ಮೇಲುಗಡೆ ಹಿಂದಕ್ಕೆ ಒರಗಿದೆ. ಅದಕ್ಕೇ ಅಲ್ಲವೇ ಕೈಬಿಟ್ಟು ಓಡಿಸಿದರೂ ಸೈಕಲ್ ನೆಟ್ಟಗೆ ಹೋಗುವುದು! ಜೀಪಿನ ಮುಂದಿನ ಚಕ್ರಗಳನ್ನು ಹೊತ್ತ ಆಕ್ಸಲ್ಲೂ ಹಾಗೆಯೇ ಹಿಂದಕ್ಕೆ ಒರಗಿರಬೇಕು. ಮೇಡಂ ಗಾಡಿಯಲ್ಲೇ ಕೋನ ಅಳೆಯುವ ಪುಟ್ಟ ಉಪಕರಣವಿತ್ತು. ಆಕ್ಸಲ್ಲಿನ ಚಪ್ಪಟೆ ಜಾಗದ ಮೇಲಿಟ್ಟು ನೋಡಿದ. ಹಿಂದಕ್ಕಲ್ಲ, ಒಂದು ಡಿಗ್ರಿ ಮುಂದಕ್ಕೇ ಬಾಗಿತ್ತು.

ಹಿತ್ತಲಲ್ಲಿ ಯಾರೂ ಎತ್ತರಿಸದ ಒಂದು ಹಳೇ ಜೀಪು ತುಕ್ಕು ಹಿಡಿದು ಬಿದ್ದಿತ್ತು. ಅಳೆದ: ಹಿಂದಕ್ಕೆ ಎರಡು ಡಿಗ್ರಿ. ಹಾರ್ನ್ ಕೆಟ್ಟಿತೆಂದು ಬಂದಿದ್ದ ಸ್ಕೂಲ್ ಜೀಪನ್ನು ಅಳೆದ: ಮುಂದಕ್ಕೆ ಒಂದು. ಅದರ ಶ್ಯಾಕಲ್ ಮೇಲೆ ನಂಬರ್ ಇಪ್ಪತ್ತನಾಲ್ಕು ಹೊಳೆಯುತ್ತಿತ್ತು. ಕಮಾನಿನ ಮುಂದಿನ ತುದಿಯ ಶ್ಯಾಕಲ್ ಉದ್ದವಾದಾಗ ಆ ತುದಿ ಕೆಳಕ್ಕೆ ಇಳಿದಿತ್ತು. ಕಮಾನಿಗೆ ಕಟ್ಟಿದ ಆಕ್ಸಲ್ಲೂ ಅದರ ಜೊತೆ ಮುಂದಕ್ಕೆ ಮುಗ್ಗರಿಸಿತ್ತು. ಅಂದರೆ ರೋಗ ಈ ಗಾಡಿಯದ್ದಲ್ಲ. ಮಾವನ ಎತ್ತರದ್ದು. ಮೂವತ್ತೊಂದಕ್ಕೂ ಅದೇ ರೋಗ, ಮತ್ತು ಅದರಲ್ಲಿ ಇಪ್ಪತ್ತೇಳನೆಯದು ಹಾಲಿನ ಜೀಪು.

ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿದ. ಅವಳು ಕಿಟಕಿಯಿಂದ ಕೆಳಗೆ ನಿದ್ದೆರಾಯ ಕೂತಿದ್ದ ಬೆಂಚನ್ನು ನೋಡಿದಳು.

"ಹಳೇ ಶ್ಯಾಕಲ್ ವಾಪಸ್ ಹಾಕಿದ್ರೆ?"

"ಎಲ್ಲಿವೆ ಅವು? ಮಾವ ಯಾವತ್ತೋ ಗುಜರಿಗೆ ಹಾಕಿದ್ರು. ಎತ್ತರ ಇಳಿಸಿದ್ರೆ ಹಳ್ಳ ದಾಟೋದು ಹೇಗೆ? ಆಕ್ಸಲ್ಲಿಗೂ ಕಮಾನಿಗೂ ಮಧ್ಯೆ ಒಂದು ಬೆಣೆ ಕೂರಿಸಬೇಕು. ಮೂರು ಡಿಗ್ರಿ. ದಪ್ಪ ಕಡೆ ಮುಂದಕ್ಕೆ. ಆಕ್ಸಲ್ ಹಿಂದಕ್ಕೆ ಒರಗುತ್ತೆ, ಎತ್ತರ ಹಾಗೇ ಇರುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಸರಿ, ಮೇಡಂ ಗಾಡಿಗೆ ಹಾಕ್ತೀರಿ. ಮಿಕ್ಕ ಮೂವತ್ತು?"

"ಅದನ್ನೇ ಯೋಚಿಸ್ತಿದ್ದೀನಿ."

"ಚೀಟಿ ಬರೆದಿಟ್ಟು ಹೋಗೋಣ್ವಾ? ಬೆಣೆ ಹೇಗೆ ಮಾಡ್ಬೇಕು ಅಂತ?"

"ಚೀಟಿ ನೋಡ್ಕೊಂಡು ಬರೋ ಕೆಲಸ ಅಲ್ಲ ಅದು. ಒಂದೊಂದು ಗಾಡಿನೂ ಅಳೀಬೇಕು. ಮಾವನಿಗೆ ಅಳತೆಯ ಸಣ್ಣ ಗೀಟು ಕಾಣಲ್ಲ. ಹಿಂದುಮುಂದಾಗಿ ಹಾಕಿದ್ರೆ ಇನ್ನೂ ಅನಾಹುತ. ಸ್ಕೂಲ್ ಜೀಪು ಬೇರೆ ಇದೆ."

ಹೆಂಡತಿ ಸೂಜಿಗೆ ದಾರ ಪೋಣಿಸಿದಳು, ಬಿಚ್ಚಿದಳು, ಮತ್ತೆ ಪೋಣಿಸಿದಳು. "ರೀ, ಮೊದ್ಲು ಹೋಗ್ತೀವಿ ಅಂತ ಹೇಳಿ. ಆಮೇಲೆ ಬೆಣೆ ವಿಷಯ. ಹೇಳೋದನ್ನ ಗಾಡಿಯೊಳಗೇ ಹೇಳಿ. ಓಡಿಸ್ತಿರುವಾಗ ಅಪ್ಪ ಎದ್ದೂ ಹೋಗೋಕಾಗಲ್ಲ, ಅಳೋಕೂ ಆಗಲ್ಲ."

ಶುಕ್ರವಾರ ಇಡೀ ದಿನ ಅವನು ಉಕ್ಕಿನ ಪಟ್ಟಿಯನ್ನು ವೈಸಿಗೆ ಕಚ್ಚಿಸಿ ಉಜ್ಜಿದ. ಎರಡು ಬೆಣೆ, ಎರಡೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಆಗಬೇಕು. ಮಾವ ಎರಡು ಸಲ ಬಂದು ನೋಡಿದರು, ಏನೆಂದು ಕೇಳಲಿಲ್ಲ. "ಅಳಿಯಂದ್ರ ಕೈ ನೋಡ್ರೋ, ಅಕ್ಕಸಾಲಿ ಕೈ" ಎಂದು ಬೆಂಚಿನ ಮೇಲಿದ್ದವರಿಗೆ ಹೇಳಿ ಹೋದರು. ಆ ಹೊಗಳಿಕೆ ಬೆನ್ನ ಮೇಲೆ ಮೂಟೆಯಂತೆ ಬಿತ್ತು. ಆಕ್ಸಲ್ಲನ್ನು ಕಮಾನಿಗೆ ಬಿಗಿದ ಯು ಬೋಲ್ಟ್ ಬಿಚ್ಚಿ, ಬೆಣೆ ಕೂರಿಸಿ, ಬಿಗಿದು, ಮತ್ತೆ ಅಳೆದ. ಹಿಂದಕ್ಕೆ ಎರಡು. ಹಿತ್ತಲ ಗಾಡಿಯ ಅಳತೆಯೇ.

ಶನಿವಾರ ಬೆಳಿಗ್ಗೆ, "ಮಾವ, ನೀವೇ ಒಂದು ರೌಂಡ್ ಓಡಿಸಿ ನೋಡಿ" ಎಂದ. ಪಕ್ಕದ ಸೀಟಿನಲ್ಲಿ ತಾನು ಕೂತ. 'ಮಾವ, ನಾವು ನಾಳೆ ಹೊರಡ್ತೀವಿ' ಎನ್ನುವ ನಾಲ್ಕೇ ಪದಗಳನ್ನು ನಾಲಗೆಯ ತುದಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದ. ಪೇಟೆ ದಾಟಲಿ ಎಂದುಕೊಂಡ. ಪೇಟೆ ದಾಟಿತು. ಸೇತುವೆ ದಾಟಲಿ ಎಂದುಕೊಂಡ. ಅದೂ ದಾಟಿತು.

ಮಾವ ಹಳೆಯ ಅಭ್ಯಾಸದಂತೆ ಸ್ಟೀರಿಂಗನ್ನು ಆಚೀಚೆ ಎಳೆಯುತ್ತಿದ್ದರು. ಈಗ ಗಾಡಿ ಎಳೆದಷ್ಟೂ ಆಚೀಚೆ ಹೋಯಿತು. ಮಾವ ಹುಬ್ಬು ಗಂಟಿಕ್ಕಿ ಎಳೆಯುವುದನ್ನು ನಿಲ್ಲಿಸಿದರು. ಗಾಡಿ ನೂಲು ಹಿಡಿದಂತೆ ನೇರ ಹೋಯಿತು. ದೊಡ್ಡ ತಿರುವು ಬಂತು. ತಿರುಗಿಸಿ, ಮುಗಿಯುವಾಗ ಅವರು ಬೆರಳು ಬಿಡಿಸಿದರು. ಚಕ್ರ ಅವರ ಅಂಗೈ ಕೆಳಗೆ ಸರ್ರನೆ ಜಾರಿ ನೆಟ್ಟಗಾಯಿತು.

ಮಾವ ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದರು.

"ಏನ್ ಮಾಡಿದ್ರಿ?"

"ಬೆಣೆ ಹಾಕ್ದೆ ಮಾವ. ಆಕ್ಸಲ್ ಕೆಳಗೆ."

"ಬೆಣೆ ಯಾಕೆ ಬೇಕಾಯ್ತು?"

ಅಳಿಯ ಎದುರಿನ ಗಾಜನ್ನೇ ನೋಡಿದ. ಸುಳ್ಳು ಹೇಳಬಹುದಿತ್ತು. ಹಳೇ ಗಾಡಿ, ಕಮಾನು ಸೋತಿತ್ತು ಎಂದರೆ ಮುಗಿಯುತ್ತಿತ್ತು. ಮರುದಿನ ಸಂಜೆಗೆ ಅವನು ಬೇರೆ ರಸ್ತೆಯಲ್ಲಿರುತ್ತಿದ್ದ.

"ಎತ್ತರಿಸಿದಾಗ ಆಕ್ಸಲ್ ಮುಂದಕ್ಕೆ ಬಾಗಿದೆ, ಮಾವ."

"ಇದೊಂದಕ್ಕಾ?"

"ಎಲ್ಲದಕ್ಕೂ."

ಒಂದು ಲಾರಿ ಹಾದುಹೋಯಿತು. ಮಾವ ಕೇಳಿದರು, "ಇಪ್ಪತ್ತೇಳಕ್ಕೂ?"

"ಇಪ್ಪತ್ತೇಳಕ್ಕೂ."

ಮಾವ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕೂತೇ ಇದ್ದರು. ಅಳಿಯನ ನಾಲ್ಕು ಪದಗಳು ಗಂಟಲಿಗೆ ವಾಪಸು ಹೋದವು. ಈ ಮುಖದ ಮುಂದೆ ಆ ಮಾತು ಆಡುವುದೆಂದರೆ ಬಿದ್ದವನ ಮೇಲೆ ಕಾಲಿಟ್ಟ ಹಾಗೆ.

ಗ್ಯಾರೇಜಿಗೆ ಬಂದವರೇ ಮಾವ ಸೀದಾ ಬೆಂಚಿನ ಹತ್ತಿರ ಹೋದರು. "ನೀನು ಅವತ್ತು ನಿದ್ದೆ ಮಾಡಿರ್ಲಿಲ್ಲ ಕಣಪ್ಪಾ."

ನಿದ್ದೆರಾಯ ಇದೂ ತಮಾಷೆಯೇ ಇರಬೇಕೆಂದು ಹಲ್ಲು ಬಿಟ್ಟ. "ಮಾಡಿರ್ಬೇಕು ಮೇಸ್ತ್ರಿ. ಎಲ್ರೂ ಹೇಳ್ತಾರಲ್ಲ."

"ಎಲ್ರೂ ಹೇಳಿದ್ದು ನಾನು ಹೇಳಿದ್ದಕ್ಕೆ. ನಿನ್ನ ತಪ್ಪಿಲ್ಲ. ಗಾಡಿನೇ ನಿನ್ನ ಮಾತು ಕೇಳಿಲ್ಲ. ಗಾಡಿ ಕೆಡಿಸಿದ್ದು ನಾನು."

ಅವನ ಬಾಯಿ ಮೆಲ್ಲಗೆ ಮುಚ್ಚಿತು. "ನನ್ನ ಹೆಂಡ್ತಿ ಮುಂದೆ ಇದನ್ನೇ ಇನ್ನೊಂದ್ಸಲ ಹೇಳ್ತೀರಾ?" ಎಂದ.

"ಹೇಳ್ತೀನಿ. ಹಾಲಿನವರ ಮುಂದೆನೂ ಹೇಳ್ತೀನಿ." ಮಾವ ಶಟರಿನ ಬಳಿ ಹೋಗಿ ಬೀದಿಗೇ ಕೂಗಿದರು. ಪಂಕ್ಚರಿನವನು ಬಂದ, ಅಂಗಡಿಯವನು ಬಂದ. "ನನ್ನ ಎತ್ತರದಲ್ಲಿ ದೋಷ ಇದೆ ಕಣ್ರೋ! ನಮ್ಮ ಅಳಿಯಂದ್ರು ಕಂಡುಹಿಡಿದಿದ್ದಾರೆ. ಮೂವತ್ತೊಂದನ್ನೂ ಕರೆಸಿ. ಅವರೇ ಕೂತು ಒಂದೊಂದಾಗಿ ಸರಿ ಮಾಡ್ತಾರೆ. ಈ ಕೆಲಸ ಅವರ ಕೈಗಷ್ಟೇ ಬರೋದು!"

ಎಲ್ಲರೂ ಅಳಿಯನ ಕಡೆ ತಿರುಗಿದರು. ಆರು ವರ್ಷದಲ್ಲಿ ಮೊದಲ ಸಲ ಆ ಕಣ್ಣುಗಳಲ್ಲಿ ಮರ್ಯಾದೆ ಇತ್ತು. ಯಾರೋ ಹೊರಗಿನಿಂದ ಬೀಗ ಜಡಿದ ಸದ್ದು ಅವನಿಗೆ ಮಾತ್ರ ಕೇಳಿಸಿತು.

ಮಧ್ಯಾಹ್ನ ಮೇಡಂ ಬಂದರು. ಪೇಟೆಯ ಕೊನೆವರೆಗೆ ಓಡಿಸಿ ತಿರುಗಿ ಬಂದು ಇಂಜಿನ್ ಆರಿಸದೆಯೇ ಕಿಟಕಿಯಿಂದ ತಲೆ ಹೊರಹಾಕಿದರು. "ಇದು ನನ್ನ ಗಾಡಿನೇನಾ ಅಂತ ನಂಬರ್ ಪ್ಲೇಟ್ ನೋಡ್ದೆ!" ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ?" ಎಂದರು.

ಅಳಿಯ ಮೇಲಕ್ಕೆ ನೋಡಿದ. ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಅವಳೂ ಎಲ್ಲ ಕೇಳಿಸಿಕೊಂಡಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಮಾವ ಸ್ಕೂಲ್ ಜೀಪಿನ ಚಕ್ರಗಳಿಗೆ ಕಲ್ಲು ಒಡ್ಡುತ್ತಿದ್ದರು.

"ಮೇಡಂ, ಬೆಣೆ ಹೊಸದು. ಕೂರೋವರೆಗೂ ಯು ಬೋಲ್ಟ್ ಸ್ವಲ್ಪ ಸಡಿಲ ಆಗ್ತವೆ" ಎಂದ ಅಳಿಯ. "ವಾರಕ್ಕೊಮ್ಮೆ ಬಿಗಿ ನೋಡಿಸ್ಬೇಕು. ಅಲ್ಲಿ ಯಾರು ಬರ್ತಾರೋ ಅವರ ಕೈಲಿ."

ಮೇಡಂ ಅವನನ್ನೊಮ್ಮೆ, ಮಾವನನ್ನೊಮ್ಮೆ ನೋಡಿದರು. "ಯಾರು ಬರ್ತಾರೋ ಅವರ ಕೈಲಿ," ಎಂದು ತಲೆಯಾಡಿಸಿ ಗೇರ್ ಹಾಕಿದರು. ಗಾಡಿ ಒಂದು ಕೂದಲೂ ವಾಲದೆ ಬೀದಿಯುದ್ದಕ್ಕೂ ಹೋಯಿತು.

ಹೆಂಡತಿ ಕೆಳಗಿಳಿದು ಬಂದು ಪಕ್ಕದಲ್ಲಿ ನಿಂತಳು.

"ಒಂದು ಗಾಡಿಗೆ ಎಷ್ಟು ದಿನ?"

"ಎರಡು."

"ಅರವತ್ತು ದಿನ. ಬೆಣೆ ಕಡಿಯೋದು ನನಗೂ ಕಲಿಸಿ, ಮೂವತ್ತಕ್ಕೆ ಇಳಿಯುತ್ತೆ."

"ಆಮೇಲೆ?"

"ಆಮೇಲೆ ಅಪ್ಪ ಇನ್ನೇನಾದ್ರೂ ಹುಡುಕ್ತಾರೆ," ಎಂದಳು. ನಗಲು ನೋಡಿದಳು, ಆಗಲಿಲ್ಲ.

ಅಳಿಯ ಗೋಣಿತಟ್ಟು ಹಾಸಿ ಸ್ಕೂಲ್ ಜೀಪಿನ ಕೆಳಗೆ ತೂರಿಕೊಂಡ. ಅಳತೆಯ ಉಪಕರಣ ಮೇಡಂ ಜೊತೆ ಹೊರಟುಹೋಗಿತ್ತು. ಇನ್ನು ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿ ಹೊಸದು ಮಾಡಿಕೊಳ್ಳಬೇಕು. ಯು ಬೋಲ್ಟಿನ ನಟ್ಟಿಗೆ ಪಾನಾ ಹಾಕಿ ಮೈಭಾರ ಬಿಟ್ಟು ಎಳೆದ, ಇನ್ನೊಮ್ಮೆ ಎಳೆದ. ತುಕ್ಕು ಹಿಡಿದಿತ್ತು, ಮಿಸುಕಲಿಲ್ಲ.

ಮಾವ ಪಕ್ಕದಲ್ಲಿ ಮೊಣಕಾಲೂರಿ ಬಗ್ಗಿ ನೋಡಿದರು. ಕಣ್ಣು ಇನ್ನೂ ಕೆಂಪಗಿದ್ದವು, ಆದರೆ ದನಿಯಲ್ಲಿ ಹೊಸ ಜೀವ ಬಂದಿತ್ತು.

"ನಿಧಾನ, ಅಳಿಯಂದ್ರೇ, ನಿಧಾನ. ಎಣ್ಣೆ ಬಿಟ್ಟು ನೆನೆಯೋಕೆ ಬಿಡೋಣ. ಏನವಸರ? ನೀವೇನು ಎಲ್ಲಿಗಾದ್ರೂ ಹೋಗ್ಬೇಕಿತ್ತಾ?"

"ಇಲ್ಲ ಮಾವ," ಎಂದ ಅಳಿಯ, ಗಾಡಿಯ ಕೆಳಗಿನಿಂದ.